ತಲೆ ಮೇಲೆ ಪಾತ್ರೆ ಹೊತ್ತವಳನ್ನು ಮೊದಲ ಪುಟಕ್ಕೆ ತನ್ನಿ

ಪ್ರಿಯ ಲೇಖಕರೇ,

ಅಮೆರಿಕದ ಹಳೆಯ ಹಾಸ್ಯ ಕಾಮಿಕ್ಸ್ ‘ಸ್ಕ್ರಿಬ್ಲಿ’ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವುದಕ್ಕೂ ಮನಸ್ಸಿಲ್ಲ. ವಿಷಯ ಅಷ್ಟು ಚೆನ್ನಾಗಿದೆ.

ಲೇಖನದ ಅರ್ಧ ಭಾಗ ಬರೀ ಕೊರಗು. ಎಲ್ಲರೂ ಮರೆತರು, ದೊಡ್ಡ ಪ್ರತಿಭೆಗೆ ಅನ್ಯಾಯವಾಯಿತು ಅಂತ ಮತ್ತೆ ಮತ್ತೆ ಬರೆದಿದ್ದೀರಿ. ನಮ್ಮ ಓದುಗರಲ್ಲಿ ಹೆಚ್ಚಿನವರು ಸ್ಕ್ರಿಬ್ಲಿಯ ಹೆಸರನ್ನೇ ಕೇಳಿಲ್ಲ. ಪರಿಚಯವೇ ಇಲ್ಲದ ಹುಡುಗನಿಗಾಗಿ ಅವರು ಯಾಕೆ ಮರುಗಬೇಕು? ‘ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ’ ಅಂತಲೂ ಹೇಳಿದ್ದೀರಿ. ಆದರೆ ಮೊದಲ ನಾಲ್ಕು ಪುಟಗಳಲ್ಲಿ ಒಂದೇ ಒಂದು ಚಿತ್ರವನ್ನೂ ವರ್ಣಿಸಿಲ್ಲ. ಕಾಮಿಕ್ಸ್ ಬಗ್ಗೆ ಬರೆಯುವಾಗ ಓದುಗರ ಕಣ್ಣಿಗೆ ಚೌಕಟ್ಟು ಕಾಣಬೇಕು. ಯಾರು ಎಲ್ಲಿ ನಿಂತಿದ್ದಾರೆ, ಮೈಮೇಲೆ ಏನಿದೆ, ಮುಂದಿನ ಚೌಕಟ್ಟಿನಲ್ಲಿ ಏನು ಎಡವಟ್ಟಾಗುತ್ತದೆ, ಇಷ್ಟು ಹೇಳಿ. ನಗುವ ಕೆಲಸ ಓದುಗರಿಗೆ ಬಿಡಿ.

ಕಾಮಿಕ್ಸ್‌ನ ಸುವರ್ಣಯುಗ ಅಂದರೇನು ಎಂಬ ಎರಡು ಪ್ಯಾರಾ ಸುಮ್ನೆ ಜಾಗ ತಿನ್ನುತ್ತಿವೆ. ತೆಗೆಯಿರಿ.

ಈಗ ನಿಮ್ಮ ಕೈಯಲ್ಲಿರುವ ನಿಜವಾದ ಕಥೆಗೆ ಬರೋಣ. ಶೆಲ್ಡನ್ ಮೇಯರ್ ಹುಟ್ಟಿದ್ದು 1917ರಲ್ಲಿ, ನ್ಯೂಯಾರ್ಕಿನಲ್ಲಿ. 1936ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಡೆಲ್ ಕಂಪನಿಯ ಕಾಮಿಕ್ಸ್‌ಗಾಗಿ ಸ್ಕ್ರಿಬ್ಲಿಯನ್ನು ಬರೆಯಲು ಶುರು ಮಾಡಿದರು. ಸ್ಕ್ರಿಬ್ಲಿ ಒಬ್ಬ ಪುಟ್ಟ ಹುಡುಗ. ವ್ಯಂಗ್ಯಚಿತ್ರಕಾರ ಆಗಲೇಬೇಕು ಅನ್ನುವ ಹಟ ಅವನದು. ಬರೆಯುತ್ತಿದ್ದವರೂ ಹೆಚ್ಚುಕಡಿಮೆ ಅಂಥದೇ ಹುಡುಗ, ಅಲ್ವಾ? ಇದನ್ನು ನೀವು ಒಂದು ಸಾಲಿನಲ್ಲಿ ದಾಟಿದ್ದೀರಿ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅದೇ ದಿನಗಳಲ್ಲಿ ಮೇಯರ್ ಕಾಮಿಕ್ಸ್ ಉದ್ಯಮಿ ಎಂ. ಸಿ. ಗೇನ್ಸ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅಲ್ಲಿಗೆ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರ ಚಿತ್ರಕಥೆ ಬಂತು. ವರ್ಷಗಟ್ಟಲೆ ಎಲ್ಲರೂ ಬೇಡ ಅಂದು ವಾಪಸ್ ಕಳಿಸಿದ್ದ ಕಥೆ ಅದು. ಮೇಯರ್‌ಗೆ ತುಂಬಾ ಹಿಡಿಸಿತು. ಅದರ ಪರವಾಗಿ ಒತ್ತಾಯ ಮಾಡಿದರು. 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಅದು ಬಂದಾಗ ಹೆಸರು ‘ಸೂಪರ್‌ಮ್ಯಾನ್’.

ಅಂದರೆ ಸೂಪರ್‌ಹೀರೋಗಳಿಗೆ ಬಾಗಿಲು ತೆರೆದವರಲ್ಲಿ ಒಬ್ಬರು ಮೇಯರ್. ಮೂರು ವರ್ಷ ತುಂಬುವ ಮೊದಲೇ ಅವರೇ ಆ ಸೂಪರ್‌ಹೀರೋಗಳನ್ನು ಗೇಲಿ ಮಾಡಿದರು, ಅದೂ ಸ್ಕ್ರಿಬ್ಲಿಯ ಪುಟಗಳಲ್ಲೇ. ನಿಮ್ಮ ಲೇಖನ ನಿಲ್ಲಬೇಕಾದದ್ದು ಇದರ ಮೇಲೆ. ನೀವು ಇದನ್ನು ಕೊನೆಯ ಪುಟಕ್ಕೆ ತಳ್ಳಿದ್ದೀರಿ.

1939ರಲ್ಲಿ ಸ್ಕ್ರಿಬ್ಲಿ ‘ಆಲ್-ಅಮೆರಿಕನ್ ಕಾಮಿಕ್ಸ್’ಗೆ ಬಂದ. ಅಲ್ಲಿ ಮಾ ಹಂಕೆಲ್ ಎಂಬ ಹೆಂಗಸು ಬರುತ್ತಾಳೆ. ದಿನಸಿ ಅಂಗಡಿ ನಡೆಸುವವಳು, ಗಟ್ಟಿ ಆಳು, ಯಾರಿಗೂ ಹೆದರುವವಳಲ್ಲ. 1940ರಲ್ಲಿ ಅದೇ ಪತ್ರಿಕೆಯಲ್ಲಿ ಮಾಯದ ಉಂಗುರದ ‘ಗ್ರೀನ್ ಲ್ಯಾಂಟರ್ನ್’ ಶುರುವಾಯಿತು. ಅದಾದ ಕೆಲವೇ ತಿಂಗಳಿಗೆ, ನವೆಂಬರ್ ಸಂಚಿಕೆಯಲ್ಲಿ, ಮಾ ಹಂಕೆಲ್ ಕೂಡ ವೇಷ ಹಾಕಿದಳು. ಪುಂಡರು ಮಕ್ಕಳನ್ನು ಎತ್ತಿಕೊಂಡು ಹೋಗಿದ್ದಾರೆ. ಬಿಡಿಸಿಕೊಂಡು ಬರಬೇಕು. ಅವಳ ಹತ್ತಿರ ಉಂಗುರವಿಲ್ಲ, ಬೇರೆ ಗ್ರಹದಿಂದ ತಂದ ಶಕ್ತಿಯೂ ಇಲ್ಲ. ಚಳಿಗೆ ಹಾಕುವ ಉದ್ದನೆಯ ಕೆಂಪು ಒಳಉಡುಪು ತೊಟ್ಟಳು. ಅಡುಗೆ ಪಾತ್ರೆಗೆ ಕಣ್ಣಿನ ತೂತು ಮಾಡಿ ತಲೆಗೆ ಬೋರಲು ಹಾಕಿಕೊಂಡಳು. ಹೆಸರು ‘ರೆಡ್ ಟಾರ್ನೆಡೊ’. ಪಾತ್ರೆಯೊಳಗೆ ಇರುವುದು ಗಂಡಸು ಅಂತಲೇ ಊರೆಲ್ಲ ನಂಬಿತು. ಇಲ್ಲಿ ನಿಲ್ಲಿ, ನಿಧಾನ ಮಾಡಿ. ಅವಳು ಕುಸ್ತಿಗೆ ಇಳಿಯುವ ಒಂದು ಪುಟವನ್ನಾದರೂ ಚೌಕಟ್ಟು ಚೌಕಟ್ಟಾಗಿ ಹೇಳಿ.

ನಿಮಗಿದು ಬರುತ್ತದೆ ಅನ್ನುವುದಕ್ಕೆ ನಿಮ್ಮ ಕೊನೆಯ ಪುಟವೇ ಸಾಕ್ಷಿ. ‘ಆಲ್ ಸ್ಟಾರ್ ಕಾಮಿಕ್ಸ್’ 3ನೇ ಸಂಚಿಕೆಯಲ್ಲಿ ದೊಡ್ಡ ದೊಡ್ಡ ಹೀರೋಗಳೆಲ್ಲ ಮೊದಲ ಸಲ ಸಭೆ ಸೇರುತ್ತಾರೆ. ಅಲ್ಲಿಗೂ ರೆಡ್ ಟಾರ್ನೆಡೊ ಬರುತ್ತಾಳೆ, ಚಡ್ಡಿ ಹರಿದುಕೊಂಡದ್ದರಿಂದ ಬಂದಷ್ಟೇ ಬೇಗ ಹೊರಟುಬಿಡುತ್ತಾಳೆ. ಅಲ್ಲಿ ನೀವು ಒಂದೂ ವಿಶೇಷಣ ಬಳಸಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೀರಿ. ಓದಿ ಜೋರಾಗಿ ನಕ್ಕೆ. ಇಡೀ ಲೇಖನ ಹೀಗೆ ಇರಬೇಕಿತ್ತು.

ಒಂದು ತಪ್ಪು ತಿದ್ದಬೇಕು. ಮಾ ಹಂಕೆಲ್ ‘ಜಗತ್ತಿನ ಮೊದಲ ಮಹಿಳಾ ಸೂಪರ್‌ಹೀರೋ’ ಅಲ್ಲ. ಕಾಡಿನ ಮಾಯಾವಿನಿ ‘ಫ್ಯಾಂಟೊಮಾ’ ಅದೇ 1940ರ ಶುರುವಿನಲ್ಲೇ ಬಂದಿದ್ದಳು. ‘ವಂಡರ್ ವುಮನ್‌ಗಿಂತ ಒಂದು ವರ್ಷ ಮೊದಲು’ ಅಂತ ಬರೆಯಿರಿ, ಅದು ಸರಿ. ವಂಡರ್ ವುಮನ್‌ಗೆ ಸಂಪಾದಕರಾಗಿದ್ದವರೂ ಮೇಯರ್ ಅನ್ನುವುದನ್ನು ಜೊತೆಗೆ ಸೇರಿಸಿದರೆ ಇನ್ನೂ ಚೆನ್ನ.

ನಮ್ಮ ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಯ ಸಾಲು ಬೇಡ. ರಾಶಿಯವರು ಅದನ್ನು ಶುರು ಮಾಡಿದ್ದು 1942ರಲ್ಲಿ, ನಿಜ. ಕಾಲ ಒಂದೇ ಅನ್ನುವುದು ಬಿಟ್ಟರೆ ಎರಡಕ್ಕೂ ನಂಟಿಲ್ಲ. ಕೊರವಂಜಿಗೆ ಬೇರೆಯದೇ ಲೇಖನ ಬೇಕು. ಅದನ್ನೂ ನೀವೇ ಬರೆದರೆ ನನಗೆ ಸಂತೋಷ.

ಯಾಕೆ ಮರೆವಿಗೆ ಸರಿಯಿತು ಅನ್ನುವುದಕ್ಕೆ ಒಂದು ಪ್ಯಾರಾ ಸಾಕು. ಸಂಪಾದಕನ ಕೆಲಸ ಹೆಚ್ಚಾಗಿ 1944ರಲ್ಲಿ ಮೇಯರ್ ಸ್ಕ್ರಿಬ್ಲಿಯನ್ನು ನಿಲ್ಲಿಸಿದರು. 1948ರಲ್ಲಿ ಆ ಕೆಲಸ ಬಿಟ್ಟು ಮತ್ತೆ ಚಿತ್ರಕ್ಕೆ ಕೂತರು. ಸ್ಕ್ರಿಬ್ಲಿಗೆ ಸ್ವಂತ ಪತ್ರಿಕೆಯೇ ಬಂತು, 15 ಸಂಚಿಕೆಗೆ ಮುಗಿಯಿತು. ಆಮೇಲೆ 1956ರಲ್ಲಿ ಶುರುವಾದ, ಇಬ್ಬರು ಕೂಸುಗಳ ಕಾಮಿಕ್ಸ್ ‘ಶುಗರ್ ಆ್ಯಂಡ್ ಸ್ಪೈಕ್’ ಮೇಯರ್‌ಗೆ ಜಾಸ್ತಿ ಹೆಸರು ತಂದಿತು. ಇದರಲ್ಲಿ ಖಳನಾಯಕರು ಯಾರೂ ಇಲ್ಲ, ಹುಡುಕಬೇಡಿ.

ಸಾವಿರ ಪದಗಳ ಒಳಗೆ ಮತ್ತೆ ಬರೆದು ಕಳಿಸಿ. ಪಾತ್ರೆ ಹೊತ್ತ ಮಾ ಹಂಕೆಲ್‌ಳಿಂದ ಶುರು ಮಾಡಿ, ಸೂಪರ್‌ಮ್ಯಾನ್ ವಿಷಯ ಅವಳ ಹಿಂದೆಯೇ ಬರಲಿ. ಬರೆದ ತಕ್ಷಣ ನನಗೇ ನೇರವಾಗಿ ಕಳಿಸಿ, ಬಂದ ದಿನವೇ ಓದುತ್ತೇನೆ.

ನಿಮ್ಮ,
ಸಂಪಾದಕ