ಡಿಜಿಟಲ್ ಆಡಿಯೋಗೆ ದುಬಾರಿ ಕೇಬಲ್ ಬೇಕಾ?

ಟಿವಿಯಿಂದ ಡ್ಯಾಕ್‌ಗೆ (ಡಿಜಿಟಲ್ ಸಿಗ್ನಲ್ ಅನ್ನು ಅನಲಾಗ್ ಸದ್ದಿನ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ಹಾಕಲು ಎರಡು ಮೀಟರ್ ಕೋಆಕ್ಸಿಯಲ್ ಕೇಬಲ್‌ಗೆ ಅರಸು ರಸ್ತೆಯ ಅಂಗಡಿಯಲ್ಲಿ 3000 ರೂಪಾಯಿ ಹೇಳಿದರು, ಕೊಡಬಹುದಾ ಅಂತ ಕೇಳಿದ್ದೀರಿ. ಬೇಡ ಸರ್, ಸುಮ್ನೆ ದುಡ್ಡು ದಂಡ.

ಮುಖ್ಯವಾಗಿ ನೋಡಬೇಕಾದ್ದು ಕೇಬಲ್‌ನ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 75 ಓಮ್ ಇದೆಯಾ ಅಂತ. ಹಳೇ ಡಿವಿಡಿ ಪ್ಲೇಯರ್‌ನ ಹಳದಿ ಪಿನ್ನಿನ ವಿಡಿಯೋ ವೈರ್ ಮನೆಯಲ್ಲಿದ್ದರೆ ಮೊದಲು ಅದನ್ನೇ ಹಾಕಿ ನೋಡಿ. ವಿಡಿಯೋ ಲೈನ್ ಕೂಡ 75 ಓಮ್‌ನದೇ. ಇಲ್ಲಿ ಹರಿಯುವುದು ಸೊನ್ನೆ, ಒಂದು ಅಷ್ಟೇ. ಅದು ಸರಿಯಾಗಿ ತಲುಪಿದರೆ ಮುಗಿಯಿತು, ಜಾಸ್ತಿ ಬೆಲೆಯ ವೈರ್ ಹಾಕಿದರೆ ದನಿ ಇನ್ನೂ ಇಂಪಾಗುವುದಿಲ್ಲ. ಕೇಬಲ್ ಕೆಟ್ಟದ್ದಾದರೆ ಸದ್ದು ಮಧ್ಯೆ ಮಧ್ಯೆ ಕಟ್ ಆಗುತ್ತದೆ, ತಕ್ಷಣ ಗೊತ್ತಾಗುತ್ತದೆ.

ಟಿವಿ ಹಿಂದೆ ಒಮ್ಮೆ ನೋಡಿ, ಎಷ್ಟೋ ಟಿವಿಗಳಲ್ಲಿ ಆಪ್ಟಿಕಲ್ ಔಟ್ (ಬೆಳಕಿನ ಮೂಲಕ ಆಡಿಯೋ ಕಳಿಸುವ ಕಿಂಡಿ) ಮಾತ್ರ ಇರುತ್ತದೆ. ಹಾಗಿದ್ದರೆ ಸಾದಾ ಆಪ್ಟಿಕಲ್ ಕೇಬಲ್ ಸಾಕು. ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಹಾಕಿ, ಗೋಡೆಗೆ ಒತ್ತಿ ಮಡಚಬೇಡಿ. ಸದ್ದೇ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಔಟ್ ಅನ್ನು ಪಿಸಿಎಂಗೆ (ಡ್ಯಾಕ್‌ಗೆ ಅರ್ಥವಾಗುವ ಸಾದಾ ಡಿಜಿಟಲ್ ರೂಪ) ಇಡಿ.