ಗೂಬೆ ಬಿಡಿ, ಬಿಲ್ ನೋಡಿ

ಓದುಗರ ಪತ್ರ: "ಸಂಪಾದಕರೇ, ಅಮೆರಿಕದ ಕಾಡೊಂದರಲ್ಲಿ ದೊಡ್ಡ ದೊಡ್ಡ ಶ್ರೀಮಂತರು, ಅಧ್ಯಕ್ಷರು ಸೇರಿ ನಡುರಾತ್ರಿ ಗೂಬೆ ವಿಗ್ರಹದ ಮುಂದೆ ಬಲಿ ಕೊಡುತ್ತಾರೆ. ವಿಡಿಯೊ ಕಳಿಸಿದ್ದೇನೆ. ಪೆಟ್ರೋಲ್ ರೇಟಿನಿಂದ ಹಿಡಿದು ಯುದ್ಧದ ತನಕ ಎಲ್ಲ ತೀರ್ಮಾನ ಅಲ್ಲೇ. ನೀವು ಇದುವರೆಗೆ ಒಂದು ಸಾಲೂ ಬರೆದಿಲ್ಲ. ನಿಮಗೂ ಪಾಲು ಬರುತ್ತಿದೆಯಾ?" – ಹೆಸರು ಬೇಡ, ದಾವಣಗೆರೆ

ಪ್ರಿಯ ಓದುಗರೇ,

ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಗುಟ್ಟು ಇಟ್ಟುಕೊಳ್ಳುವ ಹಕ್ಕು ಶ್ರೀಮಂತರಿಗೆ ಮಾತ್ರ ಯಾಕೆ, ಅಲ್ವಾ?

ವಿಡಿಯೊ ಎರಡು ಸಲ ನೋಡಿದೆ. ಅದು ಕಟ್ಟಿದ ವಿಡಿಯೊ ಅಲ್ಲ. ಗೂಬೆ ಇದೆ, ಬೆಂಕಿ ಇದೆ, ನಿಲುವಂಗಿ ತೊಟ್ಟ ಗಂಡಸರೂ ಇದ್ದಾರೆ. ಬಲಿ ಮಾತ್ರ ಇಲ್ಲ. ಜೊತೆಗೆ ನನ್ನ ತಲೆ ಮೇಲೂ ಒಂದು ಗೂಬೆ ಕೂರಿಸಿದ್ದೀರಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆ ಜಾಗದ ಹೆಸರು ಬೊಹೀಮಿಯನ್ ಗ್ರೋವ್. ಕ್ಯಾಲಿಫೋರ್ನಿಯಾದ ಮಾಂಟೆ ರಿಯೊ ಎಂಬ ಪುಟ್ಟ ಊರಿನ ಪಕ್ಕ 2,700 ಎಕರೆ ರೆಡ್‌ವುಡ್ ಕಾಡು. ಒಡೆತನ ಸ್ಯಾನ್ ಫ್ರಾನ್ಸಿಸ್ಕೊದ ಬೊಹೀಮಿಯನ್ ಕ್ಲಬ್ಬಿನದು. ಈ ಕ್ಲಬ್ಬನ್ನು 1872ರಲ್ಲಿ ಶುರು ಮಾಡಿದವರು ಯಾರು ಗೊತ್ತೇ? ಪತ್ರಕರ್ತರು, ಜೊತೆಗೆ ಒಂದಿಷ್ಟು ಕಲಾವಿದರು, ಸಂಗೀತಗಾರರು. ಇಂಥವರ ಜೇಬಲ್ಲಿ ದುಡ್ಡು ಎಲ್ಲಿರುತ್ತೆ? ವ್ಯಾಪಾರಸ್ಥರನ್ನು ಸೇರಿಸಿಕೊಂಡರು. ಕ್ರಮೇಣ ಕ್ಲಬ್ಬೇ ಅವರದಾಯಿತು. ನಮ್ಮ ಕಸುಬಿನವರ ಕಥೆ ಎಲ್ಲ ಕಡೆ ಇಷ್ಟೇ.

ಪ್ರತಿ ಜುಲೈನಲ್ಲಿ ಎರಡು ವಾರಕ್ಕೂ ಜಾಸ್ತಿ ಅಲ್ಲಿ ಶಿಬಿರ ನಡೆಯುತ್ತದೆ. ಕಾಡಿನೊಳಗೆ ನೂರಕ್ಕೂ ಹೆಚ್ಚು ಬಿಡಾರಗಳು, ಒಂದೊಂದಕ್ಕೂ ಒಂದು ಹೆಸರು. ಮೊದಲ ರಾತ್ರಿಯ ಆಚರಣೆಯೇ ನೀವು ಕಂಡದ್ದು. 1880ರ ದಶಕದಿಂದ ನಡೆದು ಬಂದದ್ದು. ಹೆಸರು ಕನ್ನಡದಲ್ಲಿ ಹೇಳುವುದಾದರೆ ಚಿಂತೆಯ ದಹನ. ಚಿಂತೆಗೂ ಚಿತೆಗೂ ಒಂದು ಸೊನ್ನೆ ವ್ಯತ್ಯಾಸ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರಲ್ಲ, ಅವರು ಆ ಸೊನ್ನೆಯನ್ನೂ ಸುಟ್ಟುಬಿಡುತ್ತಾರೆ. 'ಚಿಂತೆ' ಅಂತ ಒಂದು ಗೊಂಬೆ ಮಾಡಿ, ಕೆರೆ ದಂಡೆಯಲ್ಲಿರುವ ಕಾಂಕ್ರೀಟಿನ ದೊಡ್ಡ ಗೂಬೆಯ ಮುಂದೆ ಬೆಂಕಿ ಇಡುತ್ತಾರೆ. ಗೂಬೆ ಗಂಭೀರವಾಗಿ ಮಾತಾಡುತ್ತದೆ. ಎಷ್ಟೋ ವರ್ಷ ಆ ದನಿ ಟಿವಿಯ ಪ್ರಸಿದ್ಧ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಅವರದು, ರೆಕಾರ್ಡ್ ಮಾಡಿಟ್ಟದ್ದು. ನಿಮ್ಮ ದಾವಣಗೆರೆಯಲ್ಲೂ ಹೋಳಿ ಹೊತ್ತಿಗೆ ಕಾಮನನ್ನು ಸುಡುತ್ತಾರೆ. ಅದನ್ನು ಯಾರಾದರೂ ದೂರದಿಂದ, ಕತ್ತಲಲ್ಲಿ, ಕೈ ನಡುಗಿಸುತ್ತಾ ಶೂಟ್ ಮಾಡಿ, ಹಿಂದೆ ಒಂದು ಭಯಾನಕ ಮ್ಯೂಸಿಕ್ ಹಾಕಿ ಅಮೆರಿಕಕ್ಕೆ ಕಳಿಸಿದರೆ ಅಲ್ಲಿಯವರೂ ತಮ್ಮ ಸಂಪಾದಕರಿಗೆ ಪತ್ರ ಬರೆಯುತ್ತಿದ್ದರೋ ಏನೋ.

ಹಾಗೆ ಕದ್ದು ಶೂಟ್ ಮಾಡಿದವನು ಅಲೆಕ್ಸ್ ಜೋನ್ಸ್ ಎಂಬ ಅಮೆರಿಕದ ರೇಡಿಯೊ ನಿರೂಪಕ, 2000ದಲ್ಲಿ. ಪುರಾತನ ದೇವರೊಬ್ಬನಿಗೆ ಬಲಿ ಕೊಡುವ ಆಚರಣೆ ಇದು ಅಂತ ಅರ್ಥ ಕಟ್ಟಿದ. ಕೇಳಿದವರಲ್ಲಿ ಕೆಲವರು ನಿಜ ಅಂದುಕೊಂಡರು. 2002ರ ಜನವರಿಯಲ್ಲಿ ಒಬ್ಬ ಮುಖವಾಡ ಹಾಕಿಕೊಂಡು, ಬಂದೂಕು ಹಿಡಿದು, ಮಕ್ಕಳ ಬಲಿ ತಪ್ಪಿಸುತ್ತೇನೆ ಅಂತ ಆ ಕಾಡಿಗೆ ನುಗ್ಗಿದ. ಶಿಬಿರ ನಡೆಯುವುದು ಜುಲೈನಲ್ಲಿ. ಜನವರಿಯಲ್ಲಿ ತಪ್ಪಿಸಲು ಏನಿತ್ತು? ಊಟದ ಹಾಲಿಗೆ ಬೆಂಕಿ ಇಟ್ಟು ಸಿಕ್ಕಿಬಿದ್ದು ಜೈಲಿಗೆ ಹೋದ. ಇನ್ನು ಜೋನ್ಸ್: 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿಗೆ 20 ಮಕ್ಕಳು ಸತ್ತಾಗ, ಅದೆಲ್ಲ ನಾಟಕ ಅಂತ ಸಾರಿದ. ಗೊಂಬೆ ಸುಟ್ಟದ್ದು ಬಲಿ, ಮಕ್ಕಳು ಸತ್ತದ್ದು ನಾಟಕ! ಆ ತಂದೆತಾಯಂದಿರು ಕೋರ್ಟಿಗೆ ಹೋದರು. 2022ರಲ್ಲಿ ಕನೆಕ್ಟಿಕಟ್‌ನ ಜ್ಯೂರಿ ಅವನ ಮೇಲೆ 96 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ಹೊರಿಸಿತು.

ಹಾಗಾದರೆ ಆ ಕಾಡಲ್ಲಿ ಏನೂ ನಡೆಯುವುದಿಲ್ಲವಾ ಅಂತ ನೀವು ಕೇಳುತ್ತೀರಿ. ನಡೆಯುತ್ತದೆ. ಬಲೆ ನೇಯುವ ಜೇಡಗಳು ಇತ್ತ ಬರಕೂಡದು ಎಂಬ ಷೇಕ್ಸ್‌ಪಿಯರ್‌ನ ಸಾಲು ಕ್ಲಬ್ಬಿನ ಧ್ಯೇಯವಾಕ್ಯ. ಅಂದರೆ ವ್ಯವಹಾರದ ಮಾತು ಹೊರಗೆ ಬಿಟ್ಟು ಬನ್ನಿ ಅಂತ. ಆದರೂ 1967ರಲ್ಲಿ ರಿಚರ್ಡ್ ನಿಕ್ಸನ್ ಅಲ್ಲಿ ಕೆರೆ ದಂಡೆ ಮೇಲೆ ಒಂದು ಭಾಷಣ ಮಾಡಿದರು. ಅಧ್ಯಕ್ಷ ಪದವಿಯ ದಾರಿಯಲ್ಲಿ ಅದೇ ಮೊದಲ ಮೈಲಿಗಲ್ಲು ಅಂತ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು. ಅದಕ್ಕೂ ಮೊದಲು, 1942ರ ಸೆಪ್ಟೆಂಬರಿನಲ್ಲಿ, ಅಣುಬಾಂಬಿನ ಕೆಲಸ ಹೊತ್ತಿದ್ದ ಸಮಿತಿ ಅಲ್ಲೇ ಕೂತು ಯುರೇನಿಯಂ ಬೇರ್ಪಡಿಸುವ ಕಾರ್ಖಾನೆಯ ಬಗ್ಗೆ ಚರ್ಚೆ ಮಾಡಿತು. ವಿಜ್ಞಾನಿ ಅರ್ನೆಸ್ಟ್ ಲಾರೆನ್ಸ್ ಕ್ಲಬ್ಬಿನ ಸದಸ್ಯರು, ಜಾಗ ಸಿಕ್ಕಿದ್ದು ಹಾಗೆ. ಬಾಂಬು ಮಾಡಲು ಹೊರಟದ್ದು ಸರ್ಕಾರ, ಗೂಬೆಯ ಅಪ್ಪಣೆಯೇನೂ ಬೇಕಿರಲಿಲ್ಲ. ನಿಮ್ಮ ವಿಡಿಯೊದಲ್ಲಿ ಇದು ಇಲ್ಲವೇ ಇಲ್ಲ! ಅಣುಬಾಂಬಿಗಿಂತ ದೊಡ್ಡ ಸುದ್ದಿ ಇನ್ನೇನು ಬೇಕಿತ್ತು?

ಈಗ ನನಗೆ ನಿದ್ದೆ ಕೆಡಿಸುವ ವಿಷಯ. 2023ರ ಏಪ್ರಿಲ್‌ನಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರನ್ನು ಡಲ್ಲಾಸ್‌ನ ಒಬ್ಬ ಕೋಟ್ಯಧಿಪತಿ ವರ್ಷಗಟ್ಟಲೆ ವಿಮಾನ, ವಿಹಾರನೌಕೆ ಅಂತ ತನ್ನ ಖರ್ಚಲ್ಲಿ ಸುತ್ತಾಡಿಸಿದ್ದರು. ಬೊಹೀಮಿಯನ್ ಗ್ರೋವ್‌ಗೂ ಕರೆದುಕೊಂಡು ಹೋಗಿದ್ದರು. ಆ ಕೋಟ್ಯಧಿಪತಿಯ ಹೆಸರು ಹಾರ್ಲನ್ ಕ್ರೋ. ಕ್ರೋ ಅಂದರೆ ಕಾಗೆ, ನಾನು ಕಟ್ಟಿದ್ದಲ್ಲ. ಊರೆಲ್ಲ ಗೂಬೆ ನೋಡುತ್ತಾ ಕೂತಿದ್ದಾಗ ಕಾಗೆ ಕಡೆಗೆ ಯಾರ ಕಣ್ಣೂ ಹೋಗಿರಲಿಲ್ಲ. ಕ್ರೋ ಆಪ್ತ ಸ್ನೇಹಿತರು, ಇಂಥ ಆತಿಥ್ಯ ಲೆಕ್ಕಕ್ಕೆ ತೋರಿಸಬೇಕಿಲ್ಲ ಅಂತ ಸಹೋದ್ಯೋಗಿಗಳೇ ತಿಳಿಸಿದ್ದರು ಅಂದರು ಥಾಮಸ್. 2024ರ ಜೂನ್‌ನಲ್ಲಿ, ಮಾಂಟೆ ರಿಯೊದ ಖಾಸಗಿ ಕ್ಲಬ್ಬಿನಲ್ಲಿ 2019ರಲ್ಲಿ ಆದ ಊಟ-ವಸತಿ ಕ್ರೋ ಖರ್ಚಿನದು ಅಂತ ಫಾರಂನಲ್ಲಿ ತಿದ್ದಿ ತೋರಿಸಿದರು. ಒಂದು ಸಾಲು, ಸರ್ಕಾರಿ ಫಾರಂ. ಅದಕ್ಕೆ ಯಾರು ಮ್ಯೂಸಿಕ್ ಹಾಕುತ್ತಾರೆ ಹೇಳಿ.

ಅದೇ 2023ರಲ್ಲಿ ಗ್ರೋವ್‌ನ ಬಿಡಾರವೊಂದರಲ್ಲಿ ಕೆಲಸ ಮಾಡಿದ್ದವರೂ ಕೋರ್ಟ್ ಮೆಟ್ಟಿಲು ಹತ್ತಿದರು. ದಿನಕ್ಕೆ ಹದಿನಾರು ಗಂಟೆ ದುಡಿಸಿ ಸರಿಯಾಗಿ ಸಂಬಳ ಕೊಟ್ಟಿಲ್ಲ ಅನ್ನುವುದು ಅವರ ದೂರು. ಹೆಂಗಸರಿಗಂತೂ ಅಲ್ಲಿ ಸದಸ್ಯತ್ವವೇ ಇಲ್ಲ. ಕೆಲಸಕ್ಕೂ ಸೇರಿಸುತ್ತಿರಲಿಲ್ಲ. ಬಯಲಲ್ಲೇ ಮೂತ್ರಕ್ಕೆ ಹೋಗುವ ಗಂಡಸರಿಗೆ ಹೆಂಗಸರಿದ್ದರೆ ಮುಜುಗರ ಎಂಬ ಮಾತೂ ಇದರ ಬಗ್ಗೆ ಹಿಂದೆ ನಡೆದ ಇನ್ನೊಂದು ಕೇಸಿನಲ್ಲಿ ಬಂದಿತ್ತು. 1980ರ ದಶಕದಲ್ಲಿ ಕೋರ್ಟ್ ಹೇಳಿದ ಮೇಲೆ ಸೇರಿಸಿಕೊಂಡರು.

ನಮ್ಮ ಕಡೆಯದೂ ಒಂದು ಬಿಲ್ ಇದೆ. ಬೆಂಗಳೂರು ಕ್ಲಬ್ಬಿನ 1899ರ ಬಾಕಿದಾರರ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಲ್ಲಿ 13 ರೂಪಾಯಿ. ಹೌದು, ಅದೇ ಚರ್ಚಿಲ್. 2020ರಲ್ಲಿ ಆ ಕ್ಲಬ್ಬಿನ ಸಂಪತ್ತು ತೆರಿಗೆ ಕೇಸಿನ ತೀರ್ಪನ್ನು ಸುಪ್ರೀಂ ಕೋರ್ಟ್ ಶುರು ಮಾಡಿದ್ದೇ ಈ 13 ರೂಪಾಯಿಯಿಂದ. ತೀರ್ಪು ಕ್ಲಬ್ಬಿನ ಪರವಾಗಿ ಬಂತು ಅನ್ನಿ.

ಸರಿ, ನನ್ನ ತಲೆ ಮೇಲಿನ ಗೂಬೆ. ಪಾಲು ಬಂದಿದೆಯಾ ಅಂತ ಕೇಳಿದಿರಿ. ಬಂದಿದೆ, ಒಂದು ಸಲ.

ಆಗ ನಾನು ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ಬಿಲ್ಡರ್ ಒಬ್ಬರು ಪರಿಚಯವಾಗಿ, ಬೆಂಗಳೂರಿನ ಒಂದು ಕ್ಲಬ್ಬಿಗೆ ಸಂಜೆ ಕರೆದರು. ಗೇಟಲ್ಲಿ ನನ್ನ ಚಪ್ಪಲಿ ನೋಡಿ ತಡೆದರು, ಶೂ ಇಲ್ಲದೆ ಒಳಗೆ ಬಿಡಲ್ಲವಂತೆ. ಅವರು ಯಾರಿಗೋ ಫೋನ್ ಮಾಡಿದರು. ಡ್ರೈವರನ ಶೂ ನನ್ನ ಕಾಲಿಗೆ ಬಂತು, ಒಂದು ಸೈಜ್ ದೊಡ್ಡದು. ಅದನ್ನೇ ಎಳೆದುಕೊಂಡು ಒಳಗೆ ಹೋದೆ. ಒಳಗೆ ಯಾವ ಸಂಚೂ ಇರಲಿಲ್ಲ. ಮೂವರು ಇಸ್ಪೀಟು ಆಡುತ್ತಿದ್ದರು, ಒಬ್ಬರು ಬಾಯಿ ತೆರೆದು ನಿದ್ದೆ. ನಾವು ಮಗಳ ಮದುವೆ, ಮಂಡಿನೋವು ಅಂತ ಮಾತಾಡಿದೆವು. ಎರಡು ಕಟ್ಲೆಟ್, ಒಂದು ಕಾಫಿ. ಏಳುವಾಗ ಜೇಬಿಗೆ ಕೈ ಹಾಕಿದೆ. ಬೇರರ್ ನಕ್ಕು, "ಗೆಸ್ಟು ದುಡ್ಡು ಕೊಡಂಗಿಲ್ಲ ಸಾರ್, ಮೆಂಬರ್ ಸೈನ್ ಹಾಕ್ಬೇಕು" ಅಂದ. ಅವರು ಚೀಟಿಗೆ ಸೈನ್ ಹಾಕಿದರು. ಎಷ್ಟಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಎರಡು ತಿಂಗಳಾದ ಮೇಲೆ ಅವರ ಅಪಾರ್ಟ್‌ಮೆಂಟ್ ರಾಜಕಾಲುವೆ ಒತ್ತುವರಿ ಮಾಡಿದೆ ಎಂಬ ವರದಿ ನನ್ನ ಟೇಬಲ್ಲಿಗೆ ಬಂತು. ಅವರು ಫೋನ್ ಮಾಡಲಿಲ್ಲ. ಯಾರೂ ಏನೂ ಹೇಳಲಿಲ್ಲ. ನಾನೇ ಸುಮ್ನೆ, ಇನ್ನೊಂದು ಸಲ ವಿಚಾರಿಸಿ ಹಾಕೋಣ ಅಂತ ಪಕ್ಕಕ್ಕಿಟ್ಟೆ. ಐದನೇ ದಿನ ಒಳಪುಟದಲ್ಲಿ, ಕೆಳಗೆ, ಒಂದೇ ಕಾಲಂನಲ್ಲಿ ಬಂತು. ವರದಿ ತಂದಿದ್ದ ಹುಡುಗ ನನ್ನ ಮುಖ ನೋಡಿದ, ಕೇಳಲಿಲ್ಲ. ನನಗೂ ಹೇಳಲು ಬಾಯಿ ಬರಲಿಲ್ಲ.

ನೀವು ಕಳಿಸಿದ ಗೂಬೆಯ ಚಿತ್ರ ಈ ಸಂಚಿಕೆಯಲ್ಲಿ ಹಾಕುತ್ತಿಲ್ಲ. ನಿಮ್ಮ ಊರಲ್ಲೂ ಕ್ಲಬ್ಬುಗಳಿವೆ. ಅಲ್ಲಿ ಯಾರ ಊಟಕ್ಕೆ ಯಾರು ಸೈನ್ ಹಾಕುತ್ತಾರೆ ಅಂತ ವಿಚಾರಿಸಿ ಬರೆಯಿರಿ, ಎರಡು ಪುಟ ಕೊಡುತ್ತೇನೆ. ಹೆಸರು ಬೇಡ ಅಂದರೆ ಈ ಸಲದ ಹಾಗೇ ಹಾಕುವುದಿಲ್ಲ.

– ಸಂಪಾದಕ