ಅಡುಗೆಮನೆ ಪ್ರಶ್ನೋತ್ತರ: ಹಾಲು ಪಾಯಸ ಕೆಂಪಗಾಗುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಹಬ್ಬದೂಟದ ಎಲೆಯ ಬಗ್ಗೆ ಬರೆದಾಗ ಪಾಯಸಕ್ಕೆ ಕೊಟ್ಟದ್ದು ಎರಡೇ ಸಾಲು. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕ್ಕಿ ಪಾಯಸವನ್ನೂ ಗಿಣ್ಣನ್ನೂ ಕುರಿತವೇ ಆಗಿದ್ದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಜ್ಜಿ ಅಷ್ಟಮಿಗೆ ಮಾಡುತ್ತಿದ್ದ ಅಕ್ಕಿ ಪಾಯಸ ತಿಳಿ ಕೆಂಬಣ್ಣಕ್ಕೆ ತಿರುಗಿರುತ್ತಿತ್ತು. ನಾನು ಮಾಡಿದ್ದು ಬೆಳ್ಳಗೇ ಉಳಿಯುತ್ತದೆ, ಅನ್ನಕ್ಕೆ ಹಾಲು ಸಕ್ಕರೆ ಕಲಸಿದಂತಿರುತ್ತದೆ. ಅಜ್ಜಿ ಕೇಸರಿ ಹಾಕುತ್ತಿರಲಿಲ್ಲವೆಂದು ಅಮ್ಮ ಹೇಳುತ್ತಾರೆ. ಹಾಗಿದ್ದರೆ ಆ ಬಣ್ಣ ಎಲ್ಲಿಂದ ಬರುತ್ತಿತ್ತು? — ಪುತ್ತೂರಿನ ಓದುಗರು

ಉತ್ತರ: ನಿಮ್ಮ ಅಮ್ಮ ಹೇಳಿದ್ದು ನಿಜವಿರಬೇಕು, ಏಕೆಂದರೆ ಆ ಬಣ್ಣ ಹಾಲಿನೊಳಗೇ ಹುಟ್ಟುವಂಥದ್ದು. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು, ಐದು ಪಾಲಿಗೆ ತುಸು ಕಡಿಮೆ ಲ್ಯಾಕ್ಟೋಸ್ ಎಂಬ ಸಕ್ಕರೆ, ಮೂರು ಪಾಲಿನಷ್ಟು ಪ್ರೋಟೀನು ಇರುತ್ತವೆ. ಹಾಲನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿದಾಗ ನೀರು ಆರಿ, ಈ ಲ್ಯಾಕ್ಟೋಸ್ ಮತ್ತು ಪ್ರೋಟೀನುಗಳು ಒಂದಕ್ಕೊಂದು ಸೇರಿ ನಸುಗೆಂಪು ಬಣ್ಣವನ್ನೂ, ಕೋವಾದಲ್ಲಿ ಬರುವ ಆ ಕಾಯ್ದ ಪರಿಮಳವನ್ನೂ ಕೊಡುತ್ತವೆ. ನಾವು ಮೇಲಿನಿಂದ ಹಾಕುವ ಸಕ್ಕರೆ ಈ ಕೆಲಸದಲ್ಲಿ ನೇರವಾಗಿ ಪಾಲುಗೊಳ್ಳುವುದಿಲ್ಲ. ಕೇರಳದ ಅಂಬಲಪ್ಪುಳ ಶ್ರೀಕೃಷ್ಣ ದೇವಸ್ಥಾನದ ಹೆಸರಾಂತ ಪಾಲ್ಪಾಯಸವು ಅಕ್ಕಿ, ಹಾಲು, ನೀರು, ಸಕ್ಕರೆ ಇಷ್ಟರಿಂದಲೇ ಆಗುವಂಥದ್ದಾದರೂ ಅದರ ಬಣ್ಣ ಬಿಳಿಯಲ್ಲ. ದೊಡ್ಡ ಉರುಳಿಯಲ್ಲಿ ಗಂಟೆಗಟ್ಟಲೆ ಕುದಿಯುವುದೇ ಅದಕ್ಕೆ ಕಾರಣ.

ಅಳತೆ ಹೇಳುತ್ತೇನೆ. ಒಂದು ಲೀಟರು ಗಟ್ಟಿ ಹಾಲಿಗೆ 60ರಿಂದ 75 ಗ್ರಾಂ ಅಕ್ಕಿ, ಎಂದರೆ ಐದಾರು ದೊಡ್ಡ ಚಮಚದಷ್ಟು ಸಾಕು. ಈಗಿನವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇಷ್ಟು ಹಾಲಿಗೆ ಇಷ್ಟೇ ಅಕ್ಕಿಯೇ ಎಂದು ಅನುಮಾನಪಟ್ಟು ಒಂದು ಹಿಡಿ ಹೆಚ್ಚು ಹಾಕಿದರೆ, ಹಾಲು ಬತ್ತುವ ಮೊದಲೇ ಅಕ್ಕಿ ಅದನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ನೋಡಲು ಪಾಯಸ ತಯಾರಾದಂತೆ ಕಂಡರೂ ಹಾಲು ಕಾಯ್ದಿರುವುದಿಲ್ಲ, ಆದ್ದರಿಂದ ರುಚಿ ಬಂದಿರುವುದಿಲ್ಲ. ಪ್ಯಾಕೆಟ್ ಹಾಲಾದರೆ 6 ಶೇಕಡಾ ಜಿಡ್ಡಿರುವ ಫುಲ್ ಕ್ರೀಮ್ ಹಾಲನ್ನೇ ತನ್ನಿ. 3 ಶೇಕಡಾ ಜಿಡ್ಡಿನ ಟೋನ್ಡ್ ಹಾಲಿನಲ್ಲಿ ಮಾಡಬಾರದೆಂದೇನೂ ಇಲ್ಲ, ಆದರೆ ಅದನ್ನು ಇನ್ನಷ್ಟು ಬತ್ತಿಸಬೇಕಾಗುತ್ತದೆ.

ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ ಬಸಿದಿಡಿ. ದಪ್ಪ ತಳದ ಪಾತ್ರೆಯನ್ನು ಮೊದಲು ನೀರಿನಿಂದ ಒದ್ದೆ ಮಾಡಿ, ನೀರು ಚೆಲ್ಲಿ, ಆ ಪಸೆ ಆರುವ ಮೊದಲೇ ಹಾಲು ಹಾಗೂ ಒಂದು ಲೋಟ ನೀರನ್ನು ಹಾಕಿದರೆ ತಳ ಹಿಡಿಯುವುದು ಕಡಿಮೆಯಾಗುತ್ತದೆ. ಹಾಲು ಉಕ್ಕಿ ಬಂದಾಗ ಉರಿ ತಗ್ಗಿಸಿ ಅಕ್ಕಿ ಹಾಕಿ. ಮೊದಲ ಹತ್ತು ನಿಮಿಷ ಸೌಟು ಕೈಯಲ್ಲೇ ಇರಲಿ, ಏಕೆಂದರೆ ಅಕ್ಕಿ ತಳಕ್ಕೆ ಕೂತು ಒಂದಕ್ಕೊಂದು ಅಂಟಿಕೊಳ್ಳುವುದು ಆ ಹೊತ್ತಿನಲ್ಲೇ. ಬಳಿಕ ಅಂಚಿಗೆ ಕಟ್ಟುವ ಕೆನೆಯನ್ನು ಆಗಾಗ ಕೆರೆದು ಹಾಲಿಗೇ ಸೇರಿಸುತ್ತಾ ಒಂದು, ಒಂದೂವರೆ ಗಂಟೆ ಬೇಯಲು ಬಿಡಿ. ಅಗುಳನ್ನು ಬೆರಳುಗಳ ನಡುವೆ ಒತ್ತಿದಾಗ ನಡುವಿನ ಬಿಳಿ ಚುಕ್ಕೆ ಸಿಗದೆ ಪೂರ್ತಿ ಸವೆದು ಹೋಗಬೇಕು. ಅದಕ್ಕೆ ಮೊದಲು ಸಕ್ಕರೆ ಹಾಕಬೇಡಿ, ಸಕ್ಕರೆ ನೀರನ್ನು ತನ್ನತ್ತ ಸೆಳೆಯುವುದರಿಂದ ಅರೆಬೆಂದ ಅಕ್ಕಿ ಅಷ್ಟಕ್ಕೇ ನಿಂತುಬಿಡುತ್ತದೆ. ಸಕ್ಕರೆ ನೂರು, ನೂರಿಪ್ಪತ್ತು ಗ್ರಾಂ ಇರಲಿ. ಅದು ಕರಗಿದೊಡನೆ ಪಾಯಸ ನೀರಾದಂತೆ ಕಂಡರೆ ಗಾಬರಿಯಾಗದೆ ಇನ್ನೂ ಹತ್ತು ನಿಮಿಷ ಕುದಿಸಿ. ಏಲಕ್ಕಿ ಕೊನೆಗೆ, ಅದೂ ಎರಡೇ ಎರಡು. ದ್ರಾಕ್ಷಿ ಗೋಡಂಬಿ ನಿಮ್ಮಿಷ್ಟ, ಆದರೆ ಹೀಗೆ ಬತ್ತಿಸಿದ ಹಾಲಿಗೆ ಅವುಗಳ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಎಲೆಯ ತುದಿಗೆ ಮೊದಲು ಬಡಿಸುವುದೇ ಒಂದು ಚಮಚ ಪಾಯಸ. ಮಕ್ಕಳಾಗಿದ್ದಾಗ ಅದನ್ನು ನೆಕ್ಕಿ ಮುಗಿಸಿ, ಸಾರು ಹುಳಿಯೆಲ್ಲ ಆಗಿ ಎರಡನೆಯ ಸಲ ಪಾಯಸದ ಪಾತ್ರೆ ಪಂಕ್ತಿಗೆ ಬರುವವರೆಗೆ ಕಾಯುವುದೇ ಕಷ್ಟದ ಕೆಲಸವಾಗಿತ್ತು. ಎಲೆಯ ಮೇಲೆ ಬಡಿಸಿದ ಪಾಯಸ ಹರಿದು ನೆಲ ಸೇರುವ ಮೊದಲು ಅಂಗೈಯನ್ನು ಅಡ್ಡವಿಟ್ಟು ಬಳಿದು ಬಾಯಿಗೆ ಹಾಕಿಕೊಳ್ಳಬೇಕು. ಸರಿಯಾಗಿ ಬತ್ತಿಸಿದ ಪಾಯಸವಾದರೆ ಎಲೆಯ ಮೇಲೆ ನಿಧಾನವಾಗಿ ಹರಡುತ್ತಿತ್ತು, ಅವಸರದಲ್ಲಿ ಮಾಡಿದ್ದಾದರೆ ಪಲ್ಯದವರೆಗೂ ಓಡುತ್ತಿತ್ತು. ಅಡುಗೆಯವರ ಕೈಗುಣವನ್ನು ಹಿರಿಯರು ಅಷ್ಟರಲ್ಲೇ ಅಳೆದುಬಿಡುತ್ತಿದ್ದರು.

ಪ್ರಶ್ನೆ: ಇಷ್ಟು ಹೊತ್ತು ಒಲೆಯ ಮುಂದೆ ನಿಲ್ಲಲು ಉದ್ಯೋಗಕ್ಕೆ ಹೋಗುವವರಿಗೆ ಆಗದು. ಕುಕ್ಕರಿನಲ್ಲಿ ಮಾಡಬಹುದೇ? — ಬೆಂಗಳೂರಿನ ಓದುಗರು

ಉತ್ತರ: ಧಾರಾಳವಾಗಿ ಮಾಡಬಹುದು, ಬಣ್ಣವೂ ಬರುತ್ತದೆ. ತೆರೆದ ಪಾತ್ರೆಯಲ್ಲಿ ಹಾಲಿನ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತರೆ ಕುಕ್ಕರಿನಲ್ಲಿ 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ, ಕೆಂಪಗಾಗುವ ಕ್ರಿಯೆ ಅಲ್ಲಿ ಚುರುಕಾಗಿ ನಡೆಯುತ್ತದೆ. ಐದು ಲೀಟರಿನ ಕುಕ್ಕರಿನಲ್ಲಿ ಒಂದು ಲೀಟರಿಗಿಂತ ಹೆಚ್ಚು ಹಾಲು ಹಾಕಬೇಡಿ. ಹಾಲನ್ನು ಮುಚ್ಚಳವಿಲ್ಲದೆ ಒಮ್ಮೆ ಕುದಿಸಿ, ಅಕ್ಕಿ ಸಕ್ಕರೆ ಎರಡನ್ನೂ ಹಾಕಿ ಕಲಕಿ, ತಳಕ್ಕೆ ಒಂದು ಪುಟ್ಟ ಸ್ಟೀಲ್ ತಟ್ಟೆಯನ್ನು ಇಳಿಬಿಟ್ಟು, ಮುಚ್ಚಿ ವೆಯ್ಟ್ ಹಾಕಿ. ಅತಿ ಸಣ್ಣ ಉರಿಯಲ್ಲಿ ಅರ್ಧ ಗಂಟೆಯಿಂದ ನಲವತ್ತು ನಿಮಿಷ ಬಿಟ್ಟು, ಆವಿ ತಾನಾಗಿಯೇ ಇಳಿದ ಮೇಲೆ ತೆರೆಯಿರಿ. ಸಕ್ಕರೆ ಮೊದಲೇ ಹಾಕಬಾರದೆಂದು ಈಗಷ್ಟೇ ಹೇಳಿ ಇಲ್ಲಿ ಹಾಕಿಸುತ್ತಿದ್ದೀರಲ್ಲ ಎಂದು ಕೇಳಬಹುದು. ಆ ಒತ್ತಡದಲ್ಲಿ ಅಷ್ಟು ಹೊತ್ತು ಇದ್ದರೆ ಅಕ್ಕಿ ಸಕ್ಕರೆಯಲ್ಲಿಯೂ ಬೇಯುತ್ತದೆ. ಕೊರತೆಯೊಂದೇ: ನೀರು ಆರದ ಕಾರಣ ಪಾಯಸ ತೆಳುವಾಗಿರುತ್ತದೆ. ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿದರೆ ಹದಕ್ಕೆ ಬರುತ್ತದೆ.

ಪ್ರಶ್ನೆ: ಬೆಲ್ಲ ಹಾಕಿದೊಡನೆ ಹಾಲು ಒಡೆದುಹೋಗುತ್ತದೆ. ಹಿಂದಿನವರು ಬೆಲ್ಲದ ಪಾಯಸವನ್ನೇ ಮಾಡುತ್ತಿದ್ದರಲ್ಲವೇ? — ಹಾಸನದ ಓದುಗರು

ಉತ್ತರ: ಮಾಡುತ್ತಿದ್ದರು, ಆದರೆ ಬೆಲ್ಲಕ್ಕೆ ಬಹುಮಟ್ಟಿಗೆ ಕಾಯಿಹಾಲನ್ನೇ ಜೊತೆ ಮಾಡುತ್ತಿದ್ದರು. ಬೆಲ್ಲದಲ್ಲಿ ಹುಳಿಯ ಅಂಶವೂ ಲವಣಗಳೂ ಇರುತ್ತವೆ, ಕುದಿಯುವ ಹಾಲಿಗೆ ಅದು ಬಿದ್ದರೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಗಟ್ಟಿಕಟ್ಟಿ ಬೇರೆಯಾಗುತ್ತದೆ. ಹಳೆಯ ಬೆಲ್ಲವಾದರೆ ಈ ತೊಂದರೆ ಇನ್ನೂ ಹೆಚ್ಚು. ಹಸುವಿನ ಹಾಲಿನಲ್ಲೇ ಮಾಡಬೇಕೆಂದಿದ್ದರೆ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಕಸ ಮರಳು ಹೋಗುವಂತೆ ಸೋಸಿ, ಒಂದು ಕುದಿ ಕುದಿಸಿ ಆರಲು ಬಿಡಿ. ಅಕ್ಕಿ ಬೆಂದ ಹಾಲನ್ನೂ ಒಲೆಯಿಂದ ಇಳಿಸಿ, ಬೆರಳು ತಾಳುವಷ್ಟು ಬಿಸಿಗೆ ಬಂದ ಮೇಲೆ ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಆಮೇಲೆ ಮತ್ತೆ ಕುದಿಸುವಂತಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಒಡೆಯುವುದಿಲ್ಲವೆಂದು ಹೇಳುವವರಿದ್ದಾರೆ. ಅದು ಹುಳಿಯನ್ನು ತಗ್ಗಿಸುವುದು ನಿಜವಾದರೂ ಕೈ ಸ್ವಲ್ಪ ಮುಂದಾದರೆ ಸೋಡಾದ ರುಚಿಯೇ ಮೇಲಾಗುತ್ತದೆ.

ಕಾಯಿಹಾಲಿನಲ್ಲಿ ಮಾಡುವುದಾದರೆ ಎರಡನೆಯ ಮತ್ತು ಮೂರನೆಯ ತೆಳುಹಾಲಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಮೊದಲ ಗಟ್ಟಿ ಹಾಲನ್ನು ಬೆರೆಸಬೇಕು. ಹಸುವಿನ ಹಾಲು ಜೀರ್ಣವಾಗದವರಿಗೂ ಇದು ಒಗ್ಗುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿ ಬಾಸುಮತಿಯಲ್ಲಿ ಪಾಯಸ ಮಾಡಿದರೆ ಅಕ್ಕಿಯೇ ಬೇರೆ, ಹಾಲೇ ಬೇರೆ ಆಗಿರುತ್ತದೆ. ಯಾವ ಅಕ್ಕಿ ತರಲಿ? — ಟೆಕ್ಸಾಸಿನ ಓದುಗರು

ಉತ್ತರ: ಅಗುಳು ಅಗುಳಾಗಿ ಉಳಿಯುವುದೇ ಬಾಸುಮತಿಯ ಗುಣ, ಪಾಯಸಕ್ಕೆ ಅದು ಹೊಂದುವುದಿಲ್ಲ. ಊರಿನಲ್ಲಿ ಜೀರಿಗೆ ಸಣ್ಣ, ಗಂಧಸಾಲೆಗಳಂಥ ಸಣ್ಣ ಪರಿಮಳದ ಅಕ್ಕಿ ಸಿಕ್ಕರೆ ಅದಕ್ಕಿಂತ ಮೇಲಿಲ್ಲ. ಪಲಾವಿಗೆ ಹಳೆಯ ಅಕ್ಕಿ ಹುಡುಕುವವರು ಪಾಯಸಕ್ಕೆ ಹೊಸ ಅಕ್ಕಿಯನ್ನೇ ತರಬೇಕು, ಅದು ಬೇಗ ಕರಗಿ ಹಾಲಿಗೆ ಮಂದ ಕೊಡುತ್ತದೆ. ನಿಮಗೆ ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ ಸಿಗುತ್ತದೆ. ಅದರೊಂದಿಗೆ ಮೂರರಲ್ಲೊಂದು ಪಾಲು ಸುಶಿ ಅಕ್ಕಿಯನ್ನೋ ಇಟಲಿಯ ಆರ್ಬೋರಿಯೋವನ್ನೋ ಬೆರೆಸಿ ನೋಡಿ. ಅಲ್ಲಿನ ಹೋಲ್ ಮಿಲ್ಕ್‌ನಲ್ಲಿ ಜಿಡ್ಡು 3.25 ಶೇಕಡಾದಷ್ಟೇ ಇರುವುದರಿಂದ ಕಾಲು ಪಾಲು ಹಾಫ್ ಅಂಡ್ ಹಾಫ್ (ಹಾಲಿಗೆ ಕೆನೆ ಬೆರೆಸಿದ್ದು) ಸೇರಿಸಿಕೊಳ್ಳಿ.

ಪ್ರಶ್ನೆ: ಹಸು ಕರು ಹಾಕಿದ ಮನೆಯಿಂದ ಗಿಣ್ಣುಹಾಲು ಬರುತ್ತಿದ್ದ ಕಾಲ ನೆನಪಾಗುತ್ತದೆ. ಈಗ ಅಪರೂಪಕ್ಕೆ ಹಾಲು ಸಿಕ್ಕರೂ ಗಿಣ್ಣು ರಬ್ಬರಿನಂತಾಗುತ್ತದೆ. ಅಂಗಡಿಯ ಗಿಣ್ಣು ಪುಡಿ ತರಬಹುದೇ? ಕರುವಿನ ಪಾಲನ್ನು ನಾವು ತಿನ್ನುವುದು ಸರಿಯೇ ಎಂದು ಮಗಳು ಕೇಳುತ್ತಾಳೆ. — ಧಾರವಾಡದ ಓದುಗರು

ಉತ್ತರ: ಮಗಳ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಬಹಳ ಸರಿಯಾದ ಪ್ರಶ್ನೆ. ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ರೋಗನಿರೋಧಕ ಪ್ರೋಟೀನುಗಳು ದಾಟಿ ಬರುವುದಿಲ್ಲ, ಅವು ಸಿಗುವುದು ಗಿಣ್ಣುಹಾಲಿನಿಂದಲೇ. ಅವುಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದೂ ಹುಟ್ಟಿದ ಮೊದಲ ಒಂದು ದಿನದ ಮಟ್ಟಿಗೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳು ಮುಖ್ಯ. ಆದ್ದರಿಂದ ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದಷ್ಟೇ ನಮ್ಮ ಪಾಲು. ಚೆನ್ನಾಗಿ ಹಾಲು ಕೊಡುವ ಹಸುವಿನಲ್ಲಿ ಹಾಗೆ ಉಳಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಗಿಣ್ಣುಹಾಲನ್ನು ಮಾರದೆ ನೆರೆಹೊರೆಗೆ ಹಂಚುತ್ತಿದ್ದುದನ್ನು ನೀವೂ ಕಂಡಿರಬಹುದು.

ರಬ್ಬರಿನಂತಾಗಲು ಕಾರಣ, ಮೊದಲ ದಿನದ ಹಾಲನ್ನು ಹಾಗೆಯೇ ಬೇಯಿಸಿರುವುದು. ಸಾಮಾನ್ಯ ಹಾಲಿಗಿಂತ ನಾಲ್ಕು ಪಟ್ಟು ಪ್ರೋಟೀನು ಅದರಲ್ಲಿರಬಹುದು, ಬಿಸಿ ತಾಗಿದೊಡನೆ ಅದು ಬಿಗಿದುಕೊಳ್ಳುತ್ತದೆ. ಮೊದಲ ಕರೆತದ ಹಾಲಿಗೆ ಅದರ ಎರಡರಷ್ಟು ಮಾಮೂಲಿ ಹಾಲು ಬೆರೆಸಿ, ಎರಡನೆಯ ದಿನದ್ದಾದರೆ ಸಮಪಾಲು ಸಾಕು. ಎಷ್ಟು ಬೆರೆಸಬೇಕೆಂದು ಖಚಿತವಾಗದಿದ್ದರೆ ಒಂದು ಬಟ್ಟಲಿನಷ್ಟನ್ನು ಮೊದಲು ಬೇಯಿಸಿ ನೋಡುವುದು ಹಳೆಯ ಕ್ರಮ, ಅದಕ್ಕಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ. ಪುಡಿ ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಹಾಕಿ, ಅಂಚಿರುವ ತಟ್ಟೆಗೆ ಎರಡು ಬೆರಳು ಎತ್ತರಕ್ಕೆ ಸುರಿದು ಇಡ್ಲಿ ಪಾತ್ರೆಯಲ್ಲಿ ಹಬೆಗಿಡಿ. ಮುಚ್ಚಳದ ನೀರು ತೊಟ್ಟಿಕ್ಕದಂತೆ ಮೇಲೊಂದು ತಟ್ಟೆ ಮುಚ್ಚಿರಲಿ. ಇಪ್ಪತ್ತು ನಿಮಿಷಕ್ಕೆ ಚಾಕು ಚುಚ್ಚಿ ನೋಡಿ, ಏನೂ ಅಂಟದೆ ಬಂದರೆ ಬೆಂದಿದೆ. ಪೂರ್ತಿ ಆರುವ ಮೊದಲು ಕತ್ತರಿಸಿದರೆ ನೀರು ಬಿಡುತ್ತದೆ.

ಅಂಗಡಿಯ ಪುಡಿಯನ್ನು ಕೊಳ್ಳುವ ಮುನ್ನ ಪೊಟ್ಟಣದ ಮೇಲೆ ಏನೇನು ಬೆರೆಸಿದ್ದಾರೆಂದು ಓದಿಕೊಳ್ಳಿ. ಅದಕ್ಕಿಂತ ಗಟ್ಟಿ ಮೊಸರು, ಹಾಲು, ಕಂಡೆನ್ಸ್ಡ್ ಮಿಲ್ಕ್ ಮೂರನ್ನೂ ಸಮವಾಗಿ ಕಲಸಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿದರೆ ಗಿಣ್ಣಿನ ಹತ್ತಿರಕ್ಕೆ ಬರುವ ತಿನಿಸಾಗುತ್ತದೆ. ಗಿಣ್ಣಿನ ಆ ಸಣ್ಣ ಸಣ್ಣ ರಂಧ್ರಗಳೂ, ಹಲ್ಲಿಗೆ ಸಿಗುವ ಬಿಗಿಯೂ ಅದರಲ್ಲಿರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಚಿಕ್ಕಂದಿನಲ್ಲಿ ನೆಂಟರು ಬಂದರೆ ಅಮ್ಮ ಕಸ್ಟರ್ಡ್ ಮಾಡುತ್ತಿದ್ದರು. ಅದೂ ಪಾಯಸದ ಜಾತಿಯೇ ಅಲ್ಲವೇ? — ಮೈಸೂರಿನ ಓದುಗರು

ಉತ್ತರ: ಹಾಲನ್ನು ಪಿಷ್ಟದಿಂದ ಮಂದ ಮಾಡುವುದರಲ್ಲಿ ಎರಡೂ ಒಂದೇ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಮೊಟ್ಟೆಯಿಲ್ಲದ, ಕಾರ್ನ್‌ಫ್ಲೋರಿನ ಕಸ್ಟರ್ಡ್ ಪುಡಿಯನ್ನು ತಯಾರಿಸಿದ. ಮೊಟ್ಟೆ ತಿನ್ನದ ನಮ್ಮ ಎಷ್ಟೋ ಮನೆಗಳಿಗೆ ಅದು ಅಷ್ಟು ಸುಲಭವಾಗಿ ಬಂದು ಸೇರಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಕಾರ್ನ್‌ಫ್ಲೋರ್ ಹತ್ತು ನಿಮಿಷದಲ್ಲಿ ಹಾಲನ್ನು ಗಟ್ಟಿ ಮಾಡುವುದರಿಂದ ಹಾಲು ಕಾಯುವ ಅವಕಾಶವೇ ಇರುವುದಿಲ್ಲ, ಆ ಕೊರತೆಯನ್ನು ವೆನಿಲಾ ತುಂಬುತ್ತದೆ.

ಪ್ರಶ್ನೆ: ಮಗುವಿನ ಅನ್ನಪ್ರಾಶನಕ್ಕೆ ಯಾವ ಪಾಯಸ ಒಳ್ಳೆಯದು? — ಶಿರಸಿಯ ಓದುಗರು

ಉತ್ತರ: ನುಣ್ಣಗೆ ಬೆಂದ ಅಕ್ಕಿ ಪಾಯಸವನ್ನು ಶಾಸ್ತ್ರಕ್ಕೆ ತುಟಿಗೆ ಮುಟ್ಟಿಸಿದರೆ ಸಾಕು. ಎರಡು ವರ್ಷದವರೆಗೆ ಸಕ್ಕರೆ ಬೇಡವೆಂದು ಮಕ್ಕಳ ವೈದ್ಯರು ಹೇಳುತ್ತಾರೆ, ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನಂತೂ ಕೊಡಲೇಬಾರದು.

ಪ್ರಶ್ನೆ: ಉಳಿದ ಪಾಯಸ ಮರುದಿನ ಗಟ್ಟಿಯಾಗಿ ಮುದ್ದೆಯಾಗುತ್ತದೆ. ಏನು ಮಾಡಲಿ? — ಕುಂದಾಪುರದ ಓದುಗರು

ಉತ್ತರ: ಬೆಂದ ಅಕ್ಕಿಯ ಪಿಷ್ಟ ತಣ್ಣಗಾದಂತೆ ಬಿಗಿಯುವುದು ಸಹಜ. ಅದಕ್ಕಾಗಿ ಪಾಯಸವನ್ನು ಬೇಕಾದ ಹದಕ್ಕಿಂತ ತುಸು ತೆಳುವಾಗಿರುವಾಗಲೇ ಇಳಿಸಿ. ಬೇಯಿಸಿದ ಅಕ್ಕಿಯೂ ಹಾಲೂ ಹೊರಗಿಟ್ಟರೆ ಬೇಗ ಕೆಡುವುದರಿಂದ ಊಟವಾಗಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಬಿಸಿ ಮಾಡುವಾಗ ನೀರು ಹಾಕಬೇಡಿ, ಕಾಯಿಸಿದ ಬಿಸಿ ಹಾಲನ್ನು ಸೌಟಿನಿಂದ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ. ಬೆಲ್ಲದ ಪಾಯಸವಾಗಿದ್ದರೆ ನೇರವಾಗಿ ಒಲೆಗಿಡದೆ, ಬಿಸಿನೀರಿನ ಪಾತ್ರೆಯೊಳಗೆ ಪಾಯಸದ ಪಾತ್ರೆಯನ್ನಿಟ್ಟು ಬೆಚ್ಚಗೆ ಮಾಡಿಕೊಳ್ಳಿ.